ತಲೆಕೆಳಗಿದ್ದ ಹನ್ನೊಂದು

ಜೂನ್ 3

ಅಕ್ಕನಿಗೆ ನಮಸ್ಕಾರ.

ಗಂಟಲಿನ ಹೊಲಿಗೆ ಒಣಗಿತೇ? ನುಂಗುವಾಗ ಈಗಲೂ ನೋವಿದೆಯೇ? ನೀವು ಹೋಗಿ ಸೇರಿದ ತಂಗಿಗೆ ಕಿವಿ ಮಂದ, ನಿಮಗೆ ದನಿಯಿಲ್ಲ, ದೇವರು ಹುಡುಕಿ ಹುಡುಕಿ ಜೋಡಿ ಮಾಡಿದ್ದಾನೆ ಎಂದು ನೀವು ಬರೆದದ್ದನ್ನು ಓದಿ ನಕ್ಕೆ, ಆಮೇಲೆ ಅಳುವೂ ಬಂತು. ನಮ್ಮ ಮನೆಯ ಕಥೆಯೂ ಅಷ್ಟೆ. ಇರುವ ಒಂದೇ ಫೋನು ನಮ್ಮವರ ಜೇಬಿನಲ್ಲಿ ಲಾರಿ ಹತ್ತಿ ಊರೂರು ಸುತ್ತುತ್ತದೆ. ಐದು ದಿನ ತಡವಾದರೂ ಅಂಚೆಯೇ ನಮಗೆ ಗತಿ.

ಕ್ಲಿನಿಕ್ಕು ನೀವು ಬಿಟ್ಟುಹೋದ ಕ್ಲಿನಿಕ್ಕಲ್ಲ. ಹತ್ತೊಂಬತ್ತು ವರ್ಷ ನೀವು ಒಳಗೆ ಕೂತು ಜನರ ಮನಸ್ಸಿನ ಕಷ್ಟ ಕೇಳಿದಿರಿ, ನಾನು ಹೊರಗೆ ಕೂತು ಅವರ ಫೈಲು ಕಾದೆ. ಇನ್ನು ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಸಾವಿರದ ನೂರ ನಲವತ್ತು ಫೈಲುಗಳೂ ಸ್ಕ್ಯಾನ್ ಆಗಿ ಕಂಪ್ಯೂಟರ್ ಸೇರಬೇಕಂತೆ, ಕಾಗದವೆಲ್ಲ ಚೂರು ಮಾಡುವ ಯಂತ್ರಕ್ಕೆ. ಹೊಸ ಮ್ಯಾನೇಜರ್ ದಿನಕ್ಕೆ ನೂರು ಸಲ 'ಪ್ರಕ್ರಿಯೆ, ಪ್ರಕ್ರಿಯೆ' ಎನ್ನುತ್ತಾರೆ. ನಾನು ಅವರಿಗೆ ಪ್ರಕ್ರಿಯೆ ಸಾಹೇಬರು ಎಂದೇ ಹೆಸರಿಟ್ಟಿದ್ದೇನೆ. ನೀವು ನನಗೆ ಬೀಗದಮ್ಮ ಎಂದು ಇಟ್ಟಿರಲಿಲ್ಲವೇ, ಹಾಗೆ.

ನಿಮ್ಮ ಜಾಗಕ್ಕೆ ಬಂದ ಹೊಸ ಮೇಡಂ ಒಳ್ಳೆಯವರು. ಆದರೆ ಮಾತನಾಡಿಸುವಾಗ ಕಣ್ಣು ಪರದೆಯ ಮೇಲೆ. ಹದಿನಾರು ಪ್ರಶ್ನೆ, ಪ್ರತಿಯೊಂದಕ್ಕೂ ಒಂದೊಂದು ಚೌಕ, ಚೌಕ ತುಂಬದೆ ಮುಂದಿನ ಪುಟ ತೆರೆಯುವುದೇ ಇಲ್ಲ. ಪಾಪ, ಅವರಾದರೂ ಏನು ಮಾಡಿಯಾರು.

ಸ್ಕ್ಯಾನ್ ಮಾಡುವವರು ಬರುವ ಮೊದಲು ನಿಮ್ಮ ಕಪಾಟನ್ನು ಒಪ್ಪ ಮಾಡಿದೆ. ಮೂರು ದಿನ ಹಿಡಿಯಿತು. ಆ ಸಾಹೇಬರು ನಿಮ್ಮ ಬೆನ್ನ ಹಿಂದೆ ನಗಬಾರದು, ಅಷ್ಟೆ ನನ್ನ ಆಸೆ.

ನಿಮ್ಮ
ಬೀಗದಮ್ಮ

*

ಜೂನ್ 10

ಬೀಗದಮ್ಮನಿಗೆ,

ಹೊಲಿಗೆ ಒಣಗಿದೆ. ದನಿ ಬರುವುದಿಲ್ಲ, ಅದು ಖಚಿತವಾಯಿತು. ಕೊರಳಿಗೆ ಒಂದು ಸಣ್ಣ ಸ್ಲೇಟು ಕಟ್ಟಿಕೊಂಡಿದ್ದೇನೆ. ಹಾಲು ತರುವವನು ನನ್ನನ್ನು ಹುಟ್ಟುಮೂಗಿ ಎಂದುಕೊಂಡು ನನ್ನೆದುರಿಗೇ ತಂಗಿಯ ಹತ್ತಿರ ಅಯ್ಯೋ ಪಾಪ ಎನ್ನುತ್ತಾನೆ. ಅವಳಿಗೆ ಅದೂ ಕೇಳುವುದಿಲ್ಲ. ಬೇರೆಯವರ ಮಾತು ಕೇಳಿಯೇ ಬದುಕಿದವಳಿಗೆ ಈ ಮನೆಯ ಮೌನ ದೊಡ್ಡ ಶಿಕ್ಷೆ, ಸುಳ್ಳು ಹೇಳುವುದಿಲ್ಲ.

ಕಪಾಟು ಒಪ್ಪ ಮಾಡಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಧೂಳು ಹೊಡೆದೆಯೋ, ಫೈಲುಗಳನ್ನೂ ಸರಿಸಿದೆಯೋ? ಬೆಳಗ್ಗೆ ಫೈಲು ತೆಗೆದುಕೊಡುವುದು ನಿನ್ನ ಕೆಲಸ, ಸಂಜೆ ಹಿಂದಿಡುವುದು ನನ್ನದು, ನಾನು ಇಟ್ಟದ್ದನ್ನು ಯಾರೂ ಮುಟ್ಟಕೂಡದು ಎಂದು ನಿಯಮ ಮಾಡಿದ್ದೆನಲ್ಲ. ಅದಕ್ಕೆ ಕಾರಣವಿದೆ. ಫೈಲುಗಳು ನಾನು ಇಟ್ಟ ಹಾಗೆಯೇ ಇರಲಿ. ಸ್ಕ್ಯಾನಿಗೆ ಹೋಗುವ ಮೊದಲು ಹೊಸ ಮೇಡಂ ಒಂದು ಸಲ ಆ ಕಪಾಟಿನ ಮುಂದೆ ನಿಂತು ನೋಡಬೇಕು. ಏನು ನೋಡಬೇಕು ಎಂದು ಅವರಿಗೆ ಬರೆದು ಕೊಟ್ಟಿದ್ದೇನೆ. ನೀನು ನೆನಪಿಸು, ಸಾಕು.

ನಿನಗೆ ಹೇಳಲಾರೆ. ಬೇಸರ ಮಾಡಿಕೊಳ್ಳಬೇಡ.

ನಿನ್ನ
ಅಕ್ಕ

*

ಜೂನ್ 17

ಅಕ್ಕನಿಗೆ,

ಬೇಸರ ಮಾಡಿಕೊಳ್ಳಬೇಡ ಎಂದಿರಿ. ಮಾಡಿಕೊಂಡೆ. ಮುಚ್ಚಿಡುವುದೇಕೆ? ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಒಂದು ಚೀಟಿಯೂ ನನ್ನ ಕೈಯಿಂದ ಹೊರಗೆ ಹೋಗಿಲ್ಲ. ನನಗೆ ಹೇಳಲಾಗದ್ದನ್ನು ಮೊನ್ನೆ ಮೊನ್ನೆ ಬಂದವರಿಗೆ ಹೇಳಬಹುದು ಎಂದರೆ, ಇರಲಿ ಬಿಡಿ, ನಿಮ್ಮ ಇಷ್ಟ.

ಧೂಳು ಹೊಡೆದೆ ಅಷ್ಟೆ ಅಕ್ಕ. ಎಲ್ಲ ನೀವು ಇಟ್ಟ ಹಾಗೆಯೇ ಇವೆ. ನೆಮ್ಮದಿಯಾಗಿರಿ.

ಹೊಸ ಮೇಡಂಗೆ ನೆನಪಿಸಿದೆ. ಸೋಮವಾರ ಬಂದು ನಿಮ್ಮ ಕಪಾಟಿನ ಎರಡೂ ಬಾಗಿಲು ತೆರೆದು, ಮೇಲಿನ ಖಾನೆಯಿಂದ ಕೆಳಗಿನವರೆಗೆ ಒಂದೊಂದೇ ಸಾಲು ನೋಡಿದರು. ಕೊನೆಗೆ ದೊಡ್ಡದೊಂದು ನಿಟ್ಟುಸಿರು ಬಿಟ್ಟು, ನನ್ನ ಭುಜ ತಟ್ಟಿ ಒಳಗೆ ಹೋದರು. ಮಂಗಳವಾರದಿಂದ ಸ್ಕ್ಯಾನ್ ಶುರುವಾಯಿತು.

ಕೊಡೆಯವರು ಗುರುವಾರ ಬಂದಿದ್ದರು. ಗೊತ್ತಲ್ಲ, ಬಸ್ ನಿಲ್ದಾಣದ ಗೋಡೆಗೆ ಒರಗಿ ಕೊಡೆ ರಿಪೇರಿ ಮಾಡುವವರು, ನಾಲ್ಕು ವರ್ಷದಿಂದ ಗುರುವಾರ ಹತ್ತೂವರೆಗೆ ಬರುವವರು. ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕೂತಾಗ ಸುಮ್ಮನಿರಲಾರರು. ನನ್ನ ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತಿ ಕೊಟ್ಟರು. 'ನೀವು ಕೊಡೆ ಮಡಚೋದು ನೋಡಿದ್ರೆ ಯಾರದೋ ಕತ್ತು ಹಿಸುಕಿದ ಹಾಗಿದೆ ತಾಯಿ' ಎಂದು ಬೈದರು. ನಾನೂ ಬಿಡಲಿಲ್ಲ, ಎಲ್ಲರೂ ಚೆನ್ನಾಗಿ ಮಡಚಿದರೆ ನಿಮಗೆ ಕೆಲಸ ಎಲ್ಲಿ ಸಿಗುತ್ತೆ ಎಂದೆ. ಒಳಗೆ ಹೋಗಿ ಹತ್ತೇ ನಿಮಿಷಕ್ಕೆ ಹೊರಗೆ ಬಂದರು. ಎಲ್ಲದಕ್ಕೂ 'ಪರವಾಗಿಲ್ಲ' ಎಂದರಂತೆ.

ನಿಮ್ಮ
ಬೀಗದಮ್ಮ

*

ಜೂನ್ 24

ಬೀಗದಮ್ಮನಿಗೆ,

ನಿನ್ನ ಕಾಗದ ಓದಿ ಎರಡು ವಾರದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಅವರು ಎಲ್ಲ ಸಾಲು ನೋಡಿ ನಿಟ್ಟುಸಿರು ಬಿಟ್ಟರು ಎಂದೆಯಲ್ಲ, ಅಷ್ಟೇ ಸಾಕು. ಆ ಭಾರ ಎಂಥದ್ದೆಂದು ನನಗೆ ಗೊತ್ತು. ನೋಡಿದವರು ನಿಟ್ಟುಸಿರು ಬಿಡಲೇಬೇಕು.

ನಿನಗೆ ನೋವು ಮಾಡಿದೆ. ಎಲ್ಲ ಹೇಳಲಾರೆ, ಅರ್ಧ ಹೇಳುತ್ತೇನೆ. ನೀನು ಸೇರುವ ಮೊದಲು ನನ್ನ ಹತ್ತಿರ ಒಬ್ಬಳು ತಾಯಿ ಬರುತ್ತಿದ್ದಳು. ಒಂದು ದಿನ ಆಕೆ ಬಾಯಿಬಿಟ್ಟು ಹೇಳಿದ ಒಂದು ಮಾತನ್ನು ನಾನು ಫೈಲಿನಲ್ಲಿ ಹಾಗೇ ಬರೆದುಕೊಂಡೆ. ಗಂಡ ಕೋರ್ಟಿಗೆ ಹೋದ. ಕೋರ್ಟು ಫೈಲು ತರಿಸಿತು. ನನ್ನ ಅಕ್ಷರವನ್ನು ವಕೀಲರು ಎಲ್ಲರೆದುರು ಓದಿದರು. ಮಕ್ಕಳಿಬ್ಬರೂ ಅಪ್ಪನ ಪಾಲಾದರು. ಹೊರಗೆ ಬಂದಾಗ ಆಕೆ ನನ್ನನ್ನು ಬೈಯಲಿಲ್ಲ, 'ನಿಮ್ಮ ಹತ್ರ ಮಾತ್ರ ಹೇಳಿದ್ದೆ' ಎಂದಳು. ಅಂದಿನಿಂದ ಕೆಲವು ಸಂಗತಿಗಳನ್ನು ನಾನು ಕಾಗದದ ಮೇಲೆ ಬರೆದಿಲ್ಲ. ಬೇರೆ ದಾರಿ ಕಂಡುಕೊಂಡೆ. ಅದು ನಿನ್ನ ಕಣ್ಣ ಮುಂದೆಯೇ ಇತ್ತು.

ಕೊಡೆಯವರು ಗುರುವಾರ ತಪ್ಪಿಸುವುದಿಲ್ಲ ತಾನೇ? ಪ್ರತಿ ಪತ್ರದಲ್ಲಿ ಅವರ ಬಗ್ಗೆ ಒಂದು ಸಾಲು ಬರೆ.

ನಿನ್ನ
ಅಕ್ಕ

*

ಜುಲೈ 4

ಅಕ್ಕನಿಗೆ,

ಪ್ರತಿ ಪತ್ರದಲ್ಲಿ ಒಂದು ಸಾಲು ಬೇಕೇ? ಕೊಡೆಯವರ ಮೇಲೆ ನಿಮಗೆ ಇಷ್ಟು ಅಕ್ಕರೆ ಎಂದು ಗೊತ್ತಿರಲಿಲ್ಲ. ನಮ್ಮವರಿಗೆ ಹೇಳಿದರೆ, ನಿಮ್ಮ ಅಕ್ಕನಿಗೆ ಈ ವಯಸ್ಸಿನಲ್ಲಿ ಇದೇನು ಎಂದು ಕಾಲೆಳೆದರು. ಸಿಟ್ಟಾಗಬೇಡಿ, ತಮಾಷೆಗೆ.

ಆದರೆ ಬರೆಯಲು ಸಾಲೇ ಇಲ್ಲ. ಜೂನ್ ಇಪ್ಪತ್ತೈದಕ್ಕೆ ಬರಲಿಲ್ಲ, ಮೊನ್ನೆ ಎರಡಕ್ಕೂ ಬರಲಿಲ್ಲ. ಮಳೆ ಹಿಡಿದಿದೆಯಲ್ಲ, ಊರಿನ ಮುರಿದ ಕೊಡೆಯೆಲ್ಲ ಅವರ ಮುಂದೆ ರಾಶಿ ಬಿದ್ದಿರಬೇಕು. ಇದೇ ಅವರ ಸುಗ್ಗಿ. ಬಿಡುವಾದಾಗ ಬರುತ್ತಾರೆ.

ಬರದವರ ಹೆಸರು ಈಗ ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕಂಪ್ಯೂಟರೇ ಅವರ ನಂಬರಿಗೆ ಸಂದೇಶ ಕಳಿಸುತ್ತದೆ, 'ಕಳಿಸಲಾಗಿದೆ' ಎಂದು ತಾನೇ ಬರೆದುಕೊಳ್ಳುತ್ತದೆ. ಮೂರು ಸಲ ಬರದಿದ್ದರೆ ಫೈಲು ತಾನಾಗಿ ಮುಚ್ಚುತ್ತದೆ. ಕೊಡೆಯವರಿಗೆ ಒಂದು ಫೋನ್ ಮಾಡಲೇ ಎಂದು ಸಾಹೇಬರನ್ನು ಕೇಳಿದೆ. 'ಅದು ಸಿಸ್ಟಮ್ ಕೆಲಸ ಕಣಮ್ಮಾ, ನಿಮ್ಮದಲ್ಲ' ಎಂದರು. ಕ್ಲಿನಿಕ್ಕಿನ ಫೋನಿಗೂ ಈಗ ಗುಪ್ತ ಸಂಖ್ಯೆ ಇದೆ, ನನಗೆ ಕೊಟ್ಟಿಲ್ಲ.

ಬುಧವಾರ ಚೂರು ಮಾಡುವ ಯಂತ್ರ ಬಂತು. ಎರಡು ದಿನ ಗರಗರ ಸದ್ದು. ನಿಮ್ಮ ಕಪಾಟು ಖಾಲಿ. ಒಳಗೆ ಒಂದು ಗುಂಡುಸೂಜಿ ಸಿಕ್ಕಿತು, ಎತ್ತಿಟ್ಟುಕೊಂಡಿದ್ದೇನೆ.

ನಿಮ್ಮ
ಬೀಗದಮ್ಮ

*

ಜುಲೈ 9, ತುರ್ತು ಅಂಚೆ

ಬೀಗದಮ್ಮ,

ಇದನ್ನು ಓದಿದ ಕೂಡಲೇ ಎದ್ದು ಹೊರಡು. ಕೊಡೆಯವರ ಮನೆಗೆ ಹೋಗು. ಸಾಹೇಬರ ಅನುಮತಿ ಕೇಳಬೇಡ.

ನನ್ನ ಕಪಾಟಿನಲ್ಲಿ ಹನ್ನೊಂದು ಫೈಲುಗಳನ್ನು ತಲೆಕೆಳಗೆ ಇಟ್ಟಿದ್ದೆ. ಬೆನ್ನಿನ ಮೇಲಿನ ನಂಬರು ತಿರುಗುಮುರುಗಾಗಿ ಕಾಣುವಂತೆ. ನೀನು ನನ್ನನ್ನು ಅಸ್ತವ್ಯಸ್ತದ ಹೆಂಗಸು ಎಂದುಕೊಂಡಿರುತ್ತೀಯ. ಅಲ್ಲ. ಅವರು ಯಾವಾಗ ಬೇಕಾದರೂ ಜೀವ ಕಳೆದುಕೊಳ್ಳಬಹುದಾದವರು. ಆ ಮಾತನ್ನು ಬರೆಯಬಾರದೆಂದು ಫೈಲನ್ನೇ ತಿರುಗಿಸಿ ಇಡುತ್ತಿದ್ದೆ. ಅವರಲ್ಲಿ ಯಾರಾದರೂ ಬರುವ ದಿನ ಬರದಿದ್ದರೆ ಮಧ್ಯಾಹ್ನದೊಳಗೆ ನಾನೇ ಬಾಗಿಲು ಹಾಕಿಕೊಂಡು ಫೋನ್ ಮಾಡುತ್ತಿದ್ದೆ. ಹೊಸ ಮೇಡಂ ಹನ್ನೊಂದನ್ನೂ ನೋಡಿದ್ದಾರೆ, ನೀನೇ ಬರೆದಿದ್ದೀಯ. ಹಾಗಿದ್ದೂ ಎರಡು ಗುರುವಾರ ಏಕೆ ಸುಮ್ಮನಿದ್ದರು? ನನಗೆ ಅರ್ಥವಾಗುತ್ತಿಲ್ಲ.

ಬೇರೆ ಮನೆಯಲ್ಲಿರುವ ತಂಗಿಯ ಸೊಸೆಯಿಂದ ಕ್ಲಿನಿಕ್ಕಿಗೆ ಫೋನ್ ಮಾಡಿಸಿದೆ. ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಮಾತನಾಡಿತು. ನಾಲ್ಕನೇ ಸಲ ಒಬ್ಬ ಮನುಷ್ಯ ಸಿಕ್ಕಿ, ಹೊರಗಿನವರಿಗೆ ಮಾಹಿತಿ ಕೊಡುವಂತಿಲ್ಲ ಎಂದು ಇಟ್ಟುಬಿಟ್ಟ. ಕೊಡೆಯವರ ಮನೆ ಮಾಲೀಕರ ನಂಬರನ್ನು ಫೈಲು ನೋಡಿಯೇ ಒತ್ತುತ್ತಿದ್ದೆ. ಕೊನೆಯ ಎರಡು ಅಂಕಿ ನೆನಪಿಗೆ ಬರುತ್ತಿಲ್ಲ. ಬೆಳಗ್ಗೆಯಿಂದ ಸ್ಲೇಟಿನ ಮೇಲೆ ಬರೆದು ಅಳಿಸಿ ಬರೆಯುತ್ತಿದ್ದೇನೆ.

ನಿನಗೇಕೆ ಹೇಳಲಿಲ್ಲ ಗೊತ್ತೇ? ಹೇಳಿದ್ದರೆ ಅವರು ಬಂದಾಗ ನಿನ್ನ ಮುಖ ಬದಲಾಗುತ್ತಿತ್ತು. ಕೊಡೆ ಮಡಚುವುದಕ್ಕೆ ಬೈಸಿಕೊಂಡು ತಿರುಗಿ ಬೈಯುವ ಮುಖ ಅವರಿಗೆ ಇಡೀ ವಾರದಲ್ಲಿ ಅದೊಂದೇ. ಒಳಗೆ ನಾನು ಮಾಡಿದ್ದಕ್ಕಿಂತ ಹೊರಗೆ ನೀನು ಮಾಡಿದ್ದು ಹೆಚ್ಚು. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಬಸ್ ನಿಲ್ದಾಣದ ಹಿಂದಿನ ಬೀದಿ, ಟೈರ್ ಅಂಗಡಿಯ ಮೇಲಿನ ಮಹಡಿ. ಹೋಗು.

ಅಕ್ಕ

*

ಜುಲೈ 14, ತುರ್ತು ಅಂಚೆ

ಅಕ್ಕನಿಗೆ,

ಭಾನುವಾರ ಅಂಚೆ ಇಲ್ಲದೆ ನಿಮ್ಮ ಕಾಗದ ನಿನ್ನೆ ಬಂತು. ನಿಂತ ಕಾಲಿನಲ್ಲಿ ಹೊರಟೆ.

ಅವರು ಇಲ್ಲ. ಆರನೇ ತಾರೀಖು ಸೋಮವಾರವೇ ಹೋಗಿಬಿಟ್ಟಿದ್ದರು. ಹೇಗೆ ಎಂದು ನಾನು ಕೇಳಲಿಲ್ಲ, ಮನೆ ಮಾಲೀಕರ ಹೆಂಡತಿಯೂ ಹೇಳಲಿಲ್ಲ. ಯಾರೋ ಅಣ್ಣನ ಮಗ ಬಂದು ಎಲ್ಲ ಮುಗಿಸಿಕೊಂಡು ಹೋದನಂತೆ.

ಆಕೆ ಹೇಳಿದ್ದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಇಡೀ ದಿನ ಯೋಚಿಸಿದೆ. ಮುಚ್ಚಿಟ್ಟು ಆದದ್ದು ಸಾಕು, ಬರೆಯುತ್ತೇನೆ. ಫೈಲಿನಲ್ಲಿದ್ದ ನಂಬರು ಆಕೆಯ ಮನೆಯ ಗೋಡೆಯ ಪಕ್ಕದ ಹಳೆಯ ತಂತಿ ಫೋನಿನದು. ಆ ಫೋನಿಗೆ ಸಂದೇಶ ಬರುವುದೇ ಇಲ್ಲ. ಎರಡೂ ಗುರುವಾರ ಕೊಡೆಯವರು ಕೆಲಸಕ್ಕೂ ಹೋಗದೆ, ಹನ್ನೊಂದು ಗಂಟೆಗೆ ಮಹಡಿ ಇಳಿದು ಬಂದು ಆ ಫೋನಿನ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದರಂತೆ. ಆಕೆ ಹೇಳಿದ್ದು ಹೀಗೆ: 'ಮುಂಚೆ ಒಬ್ರು ಮೇಡಂ ಮಾಡೋರು. ಬೇರೇನೂ ಇಲ್ಲ, ನಿಮ್ ಕಡೆ ಬಿಸಿಲಿದೆಯಾ ಅಂತ ಕೇಳೋರು. ಇವ್ರು ಇದೆ, ಇಲ್ಲ ಅನ್ನೋರು. ಆಮೇಲೆ ಎದ್ದು ಮುಖ ತೊಳ್ಕೊಂಡು ಕೆಲಸಕ್ಕೆ ಹೋಗೋರು. ಈ ಸಲ ಎರಡು ಗಂಟೆ ತನಕ ಕೂತಿದ್ರು. ಮೇಡಂ ಈಗ ಇಲ್ವಂತಲ್ಲ ಅಂದ್ರೆ, ಅವ್ರಿಲ್ದಿದ್ರೂ ಅಲ್ಲಿಂದ ಯಾರಾದ್ರೂ ಮಾಡ್ತಾರೆ, ಬರ್ಕೊಟ್ಟಿದಾರೆ ಅಂದ್ರು.'

ಆ ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತಂತೆ. ನಿಮ್ಮ ಅಕ್ಷರ. 'ನಾನಿಲ್ಲದಿದ್ದರೂ ಫೋನ್ ಬರುತ್ತದೆ' ಎಂದಿದೆ. ಅದನ್ನು ಇದರ ಜೊತೆ ಕಳಿಸುತ್ತಿಲ್ಲ, ನನ್ನ ಹತ್ತಿರವೇ ಇರಲಿ.

ಈಗ ನನ್ನದು. ಅಕ್ಕ, ಫೈಲುಗಳನ್ನು ನಾನೇ ತಿರುಗಿಸಿದೆ. ಹನ್ನೊಂದನ್ನೂ. ಒಪ್ಪ ಮಾಡುವಾಗ ತಲೆಕೆಳಗಿದ್ದುದೆಲ್ಲ ನಿಮ್ಮ ಅವಸರ ಎಂದುಕೊಂಡು ನೆಟ್ಟಗೆ ನಿಲ್ಲಿಸಿದೆ. ನೀವು ಕೇಳಿದಾಗ ನಿಮಗೆ ನೋವಾಗುತ್ತದೆ ಎಂದು ಸುಳ್ಳು ಬರೆದೆ. ನೋವಾಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಬೈಸಿಕೊಳ್ಳಲು ಇಷ್ಟವಿರಲಿಲ್ಲ, ನನಗೆ ಹೇಳಲಿಲ್ಲವೆಂಬ ಸಿಟ್ಟೂ ಇತ್ತು. ಹೊಸ ಮೇಡಂನ ಕೇಳಿದೆ. ಕಪಾಟು ತೆರೆದಾಗ ಒಂದೂ ತಲೆಕೆಳಗಿರಲಿಲ್ಲ, ಸದ್ಯ ಬದುಕಿದೆ ಎಂದು ಉಸಿರು ಬಿಟ್ಟೆ ಎಂದರು. ಅವರು ಬಿಟ್ಟದ್ದು ನೆಮ್ಮದಿಯ ಉಸಿರು. ಅದನ್ನೇ ನಾನು ನಿಮಗೆ ಬರೆದು ಕಳಿಸಿದೆ, ನೀವು ಹೊಟ್ಟೆ ತುಂಬ ಉಂಡಿರಿ.

ಪರದೆಯ ಮೇಲೆ ಅವರ ಹೆಸರಿನ ಮುಂದೆ 'ಪ್ರಕರಣ ಮುಕ್ತಾಯ' ಎಂದಿದೆ. ಒಂಬತ್ತನೇ ತಾರೀಖು ತಾನಾಗಿ ಮುಚ್ಚಿಕೊಂಡಿತು.

ಉಳಿದ ಹತ್ತು ಮಂದಿ ಯಾರು? ಫೈಲುಗಳು ಚೂರಾಗಿವೆ. ನನಗೆ ಒಂದು ನಂಬರೂ ನೆನಪಿಲ್ಲ. ಬೇಗ ಬರೆಯಿರಿ.

ಬೀಗದಮ್ಮ

*

ಜುಲೈ 19

ಹೆಸರುಗಳನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಒಂಬತ್ತು ಇವೆ. ಹತ್ತನೆಯದು ಬರುತ್ತಿಲ್ಲ.

ಎರಡು ದಿನ ಕಣ್ಣು ಮುಚ್ಚಿ ಆ ಕಪಾಟಿನ ಮುಂದೆ ನಿಂತೆ. ಎರಡನೇ ಖಾನೆಯಲ್ಲಿ, ಬಲಕ್ಕೆ, ತೆಳ್ಳನೆಯ ಫೈಲು. ಹೆಸರು ಮಾತ್ರ ಇಲ್ಲ. ಅರಿವಳಿಕೆ ಕೊಟ್ಟ ಮೇಲೆ ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು, ನಾನು ನಿನಗೆ ಹೇಳಿರಲಿಲ್ಲ. ಆಪರೇಷನ್ ಆದಾಗಿನಿಂದ ಬಹಳ ಹೆಸರು ಹೋಗಿವೆ. ಅದಕ್ಕೇ ಕಪಾಟು ಹಾಗೇ ಇರಬೇಕೆಂದು ಅಷ್ಟು ಹಟ ಹಿಡಿದಿದ್ದೆ. ನನ್ನ ತಲೆಯಲ್ಲಿ ಉಳಿಯದ್ದು ಅಲ್ಲಿ ಉಳಿದಿತ್ತು.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಎಂದರೆ ನೀನು ನಂಬುವುದೂ ಇಲ್ಲ. ಆದರೆ ಚೀಟಿಯಲ್ಲಿ ಮಾತು ಕೊಟ್ಟವಳು ನಾನು. ಮಾತು ಕೊಟ್ಟು, ಅದನ್ನು ನಡೆಸುವ ದಾರಿಯನ್ನು ಒಬ್ಬರ ಕಣ್ಣಿಗೆ ಮಾತ್ರ ತೋರಿಸಿ ಬಂದೆ. ಹತ್ತೊಂಬತ್ತು ವರ್ಷ ನನ್ನ ಜೊತೆ ಇದ್ದವಳನ್ನು ನಂಬಿ ಒಂದು ವಾಕ್ಯ ಹೇಳಿದ್ದರೆ ಅವರು ಇವತ್ತು ಗೋಡೆಗೆ ಒರಗಿ ಕೂತಿರುತ್ತಿದ್ದರು.

ಬಿಸಿಲಿದೆಯಾ ಎಂದು ಕೇಳುತ್ತಿದ್ದೆ, ಹೌದು. ಕೊಡೆಯವರಲ್ಲವೇ, ಅದಕ್ಕೊಂದು ಉತ್ತರ ಅವರ ಹತ್ತಿರ ಯಾವಾಗಲೂ ಇರುತ್ತಿತ್ತು.

ಅಕ್ಕ

*

ಆಗಸ್ಟ್ 6

ಅಕ್ಕನಿಗೆ,

ನಿಮ್ಮ ಕಾಗದ ಬಂದ ಮೇಲೆ ಎರಡು ವಾರ ಬರೆಯಲಾಗಲಿಲ್ಲ, ಕ್ಷಮಿಸಿ.

ಒಂಬತ್ತು ಮಂದಿಯೂ ಇದ್ದಾರೆ. ಹೊಸ ಮೇಡಂ ಅಳುತ್ತಲೇ ಕೂತು ಎಲ್ಲರಿಗೂ ಫೋನ್ ಮಾಡಿದರು. ಫೋನಿನ ಗುಪ್ತ ಸಂಖ್ಯೆ ನನಗೂ ಹೇಳಿಕೊಟ್ಟರು. ಪರದೆಯ ಮೇಲೆ ಇದಕ್ಕೊಂದು ಗುರುತು ಬೇಕು ಎಂದು ಕಂಪ್ಯೂಟರಿನವರಿಗೆ ಬರೆದರೆ, ಮುಂದಿನ ವರ್ಷದ ಬದಲಾವಣೆಗಳಲ್ಲಿ ಪರಿಶೀಲಿಸುತ್ತೇವೆ ಎಂದು ಉತ್ತರ ಬಂದಿದೆ. ಅನುಮತಿ ಇಲ್ಲದೆ ಕೊಡೆಯವರ ಮನೆಗೆ ಹೋದದ್ದಕ್ಕೆ ಸಾಹೇಬರು ನನಗೆ ನೋಟಿಸು ಕೊಟ್ಟಿದ್ದಾರೆ. ಇಟ್ಟುಕೊಂಡಿದ್ದೇನೆ.

ಹತ್ತನೆಯವರು ಯಾರೆಂದು ಗೊತ್ತಿಲ್ಲವಲ್ಲ, ಅದಕ್ಕೆ ಬರದ ಪ್ರತಿಯೊಬ್ಬರಿಗೂ ನಾನೇ ಫೋನ್ ಮಾಡುತ್ತೇನೆ. ಕೆಲವರು ಬೈಯುತ್ತಾರೆ, ಬೈಯಲಿ. ಬಿಸಿಲಿದೆಯಾ ಎಂದು ಕೇಳಲು ನನ್ನ ಬಾಯಿಗೆ ಬರುವುದಿಲ್ಲ. ಕ್ಲಿನಿಕ್ಕಿನಿಂದ ಮಾಡುತ್ತಿದ್ದೇನೆ, ಹೇಗಿದ್ದೀರಿ ಎನ್ನುತ್ತೇನೆ. 'ಪರವಾಗಿಲ್ಲ' ಎಂಬ ಮಾತು ಬಂದರೆ ಮರುದಿನ ಮತ್ತೊಮ್ಮೆ ಮಾಡುತ್ತೇನೆ.

ನೀವು ಹೆದರಿದ್ದು ನಿಜವಾಯಿತು ಅಕ್ಕ. ನನ್ನ ಮುಖ ಬದಲಾಗಿದೆ. ಯಾರು ಎಂದು ಗೊತ್ತಿಲ್ಲದ್ದರಿಂದ ಬಾಗಿಲಲ್ಲಿ ಬಂದವರನ್ನೆಲ್ಲ ಹಾಗೇ ನೋಡುತ್ತೇನೆ. ಯಾರಿಗೂ ಬೈಯುವುದಿಲ್ಲ, ಬೆಂಚಿನ ಮೇಲೆ ಯಾರೂ ಈಗ ನನ್ನ ಜೊತೆ ಹರಟುವುದಿಲ್ಲ. ಹೋದ ಗುರುವಾರ ಒಬ್ಬ ಹೆಂಗಸು ಬಂದಿದ್ದರು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರಲ್ಲ, ಎಡಗೈ ತುಂಬ ಸುಟ್ಟ ಕಲೆ, ಅವರು. ನಿಮ್ಮ ಒಂಬತ್ತರಲ್ಲಿ ಅವರ ಹೆಸರಿಲ್ಲ. ಕೂತವರು ತಲೆಯೆತ್ತಿ, 'ಯಾಕಮ್ಮಾ ಹಾಗೆ ನೋಡ್ತೀರಿ, ನನ್ನ ಮುಖದಲ್ಲಿ ಏನಾದ್ರೂ ಕಾಣ್ತಿದೆಯಾ?' ಎಂದು ಕೇಳಿದರು. ಏನಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಎದ್ದು, ಒಳಗೂ ಹೋಗದೆ ಹೊರಟುಹೋದರು.

ಇವತ್ತು ಗುರುವಾರ. ಅವರ ಹೊತ್ತು ಹತ್ತೂವರೆ, ಕೊಡೆಯವರ ಹೊತ್ತೇ ಅವರಿಗೆ ಸಿಕ್ಕಿದೆ. ಈಗ ಹನ್ನೊಂದೂಕಾಲು. ನಾಲ್ಕು ಸಲ ಫೋನ್ ಮಾಡಿದೆ, ಎತ್ತುತ್ತಿಲ್ಲ. ಪರದೆಯ ಮೇಲೆ ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿದೆ, ಪಕ್ಕದಲ್ಲಿ 'ಕಳಿಸಲಾಗಿದೆ' ಎಂದಿದೆ. ಅವರ ವಿಳಾಸ ಬರೆದುಕೊಂಡಿದ್ದೇನೆ. ಹೊಸ ಮೇಡಂ ಒಳಗೆ ಬೇರೆಯವರ ಜೊತೆ ಇದ್ದಾರೆ, ಬಾಗಿಲಿನ ಸಂದಿಯಲ್ಲಿ ಚೀಟಿ ತೂರಿಸಿ ಹೊರಡುತ್ತಿದ್ದೇನೆ. ಇದನ್ನು ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತೇನೆ.

ಮಳೆ ಬರುತ್ತಿದೆ. ಕೊಡೆಯವರು ತಂತಿ ಸುತ್ತಿ ಕೊಟ್ಟ ಕೊಡೆ ಕೈಯಲ್ಲಿದೆ. ಬಾಗಿಲು ತೆರೆದರೆ ಯಾವ ಮುಖ ಇಟ್ಟುಕೊಂಡು ನಿಲ್ಲಬೇಕು ಅಕ್ಕ, ಅದೊಂದು ನನಗೆ ಗೊತ್ತಾಗುತ್ತಿಲ್ಲ.

ನಿಮ್ಮ
ಬೀಗದಮ್ಮ